ಗ್ಯಾಸ್ ಬಂದ್ ಮಾಡೀರೇನ್ರಿ?

ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡುವುದು ಬಾಯಿಯೇ ಹೊರತು ತಲೆಯಲ್ಲ. ದಾರಿಯಲ್ಲಿ ಯಾರಾದರೂ "ಊಟ ಆತೇನ್ರಿ?" ಎಂದರೆ ಹೊಟ್ಟೆ ಚುರುಗುಡುತ್ತಿದ್ದರೂ "ಆತ್ರಿ, ನಿಮ್ದು?" ಎಂದುಬಿಡುತ್ತೇವೆ. "ಆರಾಮ ಅದೀರೇನ್ರಿ?" ಎಂದು ಕೇಳಿದರೆ ಹಲ್ಲುನೋವಿಗೆ ಗಲ್ಲ ಊದಿಸಿಕೊಂಡವನೂ ಅರ್ಧ ಬಾಯಲ್ಲಿ "ಆರಾಮ್ರಿ" ಅನ್ನುತ್ತಾನೆ. ಇಂಥ ಉತ್ತರಗಳಿಂದ ಯಾರ ಮನೆಯೂ ಹಾಳಾಗಿಲ್ಲ ಎಂದು ನಾನು ನಂಬಿಕೊಂಡಿದ್ದೆ. ನನ್ನ ಪಾಲಿಗೆ ಬಂದಿದ್ದ ಅಂಥ ಪ್ರಶ್ನೆ "ಗ್ಯಾಸ್ ಬಂದ್ ಮಾಡಿದೇನು?" ಎಂಬುದು. ಅದಕ್ಕೆ ನನ್ನ ಬಾಯಿ "ಮಾಡೇನಿ" ಎಂದು ಎಷ್ಟು ಚೆನ್ನಾಗಿ ಪಳಗಿತ್ತೆಂದರೆ, ನಿದ್ದೆಯಲ್ಲಿ ಕೇಳಿದರೂ ಅದೇ ಉತ್ತರ ಬರುತ್ತಿತ್ತು. ನಮ್ಮ ಮನೆ ಹಾಳಾಗುವುದು ಸ್ವಲ್ಪದರಲ್ಲಿ ತಪ್ಪಿದ್ದು ಈ ಪಳಗಿದ ಬಾಯಿಯಿಂದಲೇ.

ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ಕಾರಿನ ಜೊತೆ. ಸಿಂದಗಿ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ದಾರ, ಸೂಜಿ, ಲೈನಿಂಗ್, ಸೀರೆ ಫಾಲ್, ಎಲ್ಲಕ್ಕಿಂತ ಹೆಚ್ಚಾಗಿ ಅಂಗಿ ಗುಂಡಿಗಳು. ಊರಿನವರು ಅದನ್ನು ಗುಂಡಿ ಅಂಗಡಿ ಎಂದೇ ಕರೆಯುತ್ತಾರೆ. ಗುಂಡಿ ಮಾರಿದ ದುಡ್ಡಿನಲ್ಲಿ ಹೊಸ ಕಾರು ಬರುವುದಿಲ್ಲ, ಹಳೆಯದೊಂದು ಬಂತು. ಅದು ಪೆಟ್ರೋಲು ಕುಡಿಯುವ ಪರಿ ನೋಡಿ ಎದೆ ಧಸಕ್ಕೆಂದಿತು. ಆಗ ವಿಜಯಪುರಕ್ಕೆ ಒಯ್ದು, ಡಿಕ್ಕಿಯಲ್ಲಿ ಸಿಲಿಂಡರ್ ಕೂರಿಸಿ, ಕಾಗದಪತ್ರಗಳಲ್ಲೂ ಬರೆಸಿ, ಅದನ್ನು ಗ್ಯಾಸಿನ ಗಾಡಿ ಮಾಡಿಸಿದೆ. ಸ್ಟೇರಿಂಗಿನ ಪಕ್ಕದಲ್ಲಿ ಒಂದು ಗುಂಡಿ. ಅತ್ತ ಒತ್ತಿದರೆ ಪೆಟ್ರೋಲು, ಇತ್ತ ಒತ್ತಿದರೆ ಗ್ಯಾಸು. ಜೀವನವಿಡೀ ಗುಂಡಿ ಮಾರಿದವನಿಗೆ ದೇವರು ಕೊಟ್ಟ ಬಹುಮಾನ ಇದು ಎಂದು ನಾನು ಹಿಗ್ಗಿದೆ. ಗಾಡಿಯನ್ನು ಪೆಟ್ರೋಲಿನ ಮೇಲೆ ಚಾಲೂ ಮಾಡಬೇಕು. ಸ್ವಲ್ಪ ಬಿಸಿಯಾದ ಮೇಲೆ ಗ್ಯಾಸಿಗೆ ಹಾಕಬೇಕು. ನಿಲ್ಲಿಸುವ ಮುಂಚೆ ಮತ್ತೆ ಗ್ಯಾಸ್ ಬಂದ್ ಮಾಡಿ ಪೆಟ್ರೋಲಿಗೆ ಬರಬೇಕು. ಗ್ಯಾಸಿಗೆ ಹಾಕಿದ ಕ್ಷಣದಲ್ಲಿ ಗಾಡಿ ಒಮ್ಮೆ ಕೆಮ್ಮುತ್ತದೆ. ಮುದುಕರು ಮಾತು ಶುರು ಮಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ. ಅಷ್ಟಾದರೆ ಮುಂದೆ ತಕರಾರಿಲ್ಲ.

ತಕರಾರು ಇದ್ದದ್ದು ಮನೆಯವರದು. ನಮ್ಮೂರಿನಲ್ಲಿ ಕಾರಿಗೆ ಗ್ಯಾಸ್ ಹಾಕುವ ಬಂಕಿಲ್ಲ. ತುಂಬಿಸಲು ವಿಜಯಪುರಕ್ಕೇ ಹೋಗಬೇಕು. "ಗ್ಯಾಸ್ ತರಾಕ ಗ್ಯಾಸ್ ಸುಟ್ಕೊಂಡು ಹೋಗೂದು, ಬರೂದು. ಇದರಾಗ ಉಳಿಯೂದು ಏನ್ರಿ, ಹೊಗಿನಾ?" ಎಂದು ನನ್ನ ಹೆಂಡತಿ ಮಹಾನಂದಾ ಕೇಳುತ್ತಾಳೆ. ಅಂಗಡಿಗೆ ಬರುವ ಟೇಲರುಗಳದು ಬೇರೆ ಥರ. ಗಾಡಿ ಕೆಮ್ಮಿದ್ದು ಕೇಳಿಸಿದರೆ ಸಾಕು, "ಸಾವ್ಕಾರ್ರ, ಗಾಡಿಗೆ ಭಾಳ ಗ್ಯಾಸ್ ಆಗೇತಿ ನೋಡ್ರಿ. ಜರಾ ಅಜವಾನ ಕುಡಸ್ರಿ" ಅನ್ನುತ್ತಾರೆ.

ಇನ್ನು ನಮ್ಮ ಅವ್ವ. ಡಿಕ್ಕಿಯಲ್ಲಿರುವುದು ಅಡಿಗೆಮನೆಯ ಸಿಲಿಂಡರೇ, ಅದನ್ನು ಅಡ್ಡ ಮಲಗಿಸಿದ್ದಾರೆ ಎಂಬುದು ಅವಳ ದೃಢ ನಂಬಿಕೆ. ಒಮ್ಮೆ ರೊಟ್ಟಿ ಬಡಿಯುವಾಗ ಮನೆಯ ಗ್ಯಾಸ್ ಮುಗಿದಾಗ, "ತಮ್ಮಾ, ಗಾಡ್ಯಾಗಿಂದು ತಂದು ಹಚ್ಚು, ಸಂಜಿಕ ತಿರುಗಿ ಇಟ್ಟರಾತು" ಎಂದಿದ್ದಳು. ಡಿಕ್ಕಿಯ ಸಿಲಿಂಡರಿಗೆ ಬೆನ್ನು ಕೊಟ್ಟು ಕೂರಲು ಆಕೆ ಒಪ್ಪುವುದಿಲ್ಲ. ಹೀಗಾಗಿ ಮುಂದಿನ ಸೀಟು ಕಾಯಂ ಅವಳದು, ಹಿಂದೆ ಮಹಾನಂದಾ. "ನಾ ಹಾರಿ ಹೋದ್ರ ನಡೀತೈತಿ" ಎಂದು ಮಹಾನಂದಾ ಗೊಣಗುತ್ತಲೇ ದಸರೆಯಲ್ಲಿ ಆ ಸಿಲಿಂಡರಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಕೈಮುಗಿಯುತ್ತಾಳೆ. ಗಾಡಿ ಎಲ್ಲಿ ನಿಂತರೂ ಅವ್ವ ಇಳಿಯುವ ಮುಂಚೆ ಕೇಳಬೇಕು: "ತಮ್ಮಾ, ಗ್ಯಾಸ್ ಬಂದ್ ಮಾಡಿದೇನು?" ನಾನು: "ಮಾಡೇನಿ ಬೇ." ಇಷ್ಟು ಆಗದೆ ಅವಳ ಕಾಲು ನೆಲ ಮುಟ್ಟುವುದಿಲ್ಲ.

ನಿಜವಾದ ಪೇಚು ಡಿಕ್ಕಿಯದು, ಸಿಲಿಂಡರ್ ಬಿಟ್ಟು ಅದರಲ್ಲಿ ಬೇರೇನೂ ಹಿಡಿಯುವುದಿಲ್ಲ. ನಮ್ಮ ಕಡೆ ಬೀಗರ ಮನೆಗಾಗಲಿ ಬಳಗದವರ ಮನೆಗಾಗಲಿ ಬರಿಗೈಲಿ ಹೋಗುವುದಿಲ್ಲ, ಅವರೂ ಬರಿಗೈಲಿ ಕಳಿಸುವುದಿಲ್ಲ. ಇಂಡಿ ಊರಿನ ಷಡ್ಡಕ ಚೀಲ ತುಂಬ ಲಿಂಬೆಹಣ್ಣು ಕೊಡುತ್ತಾನೆ. ಅದರ ಮೇಲೆ ಕಾಲಿಟ್ಟುಕೊಂಡು ಬರಬೇಕು. ಒಮ್ಮೆ ಕೊಲ್ಹಾರದಿಂದ ಮೊಸರಿನ ಗಡಿಗೆ ತಂದೆವು. ಕೊಲ್ಹಾರದ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎನ್ನುವ ಮಾತಿದೆ. ಮಹಾನಂದಾ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಗ್ಯಾಸಿಗೆ ಹಾಕಿದೆ, ಗಾಡಿ ಕೆಮ್ಮಿತು. ಆ ಮಾತು ನಮ್ಮ ಗಾಡಿಯನ್ನು ಲೆಕ್ಕಕ್ಕೆ ಹಿಡಿದು ಆಡಿದ್ದಲ್ಲವೆಂದು ಗೊತ್ತಾಯಿತು.

ಇಷ್ಟಾದರೂ ಒಂದು ಮನೆಯವರಿಗೆ ಮಾತ್ರ ನಮ್ಮದು ಗ್ಯಾಸಿನ ಗಾಡಿ ಎಂದು ನಾವು ತಿಳಿಸಿರಲಿಲ್ಲ. ಮಗಳು ವಿದ್ಯಾಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದೇವೆ. ಮಾತುಕತೆಯ ದಿನ ಬೀಗರು ತಮ್ಮ ಮನೆಯ ಮುಂದೆ ನಿಂತಿದ್ದ ಯಾರದೋ ವ್ಯಾನು ನೋಡಿ, "ಗ್ಯಾಸಿನ ಗಾಡಿ ಅದು. ಅದರಾಗ ಮನಿ ಮಂದೀನ ಕುಂಡ್ರಿಸ್ಕೊಂಡು ಹೋಗಾವ್ರ ಧೈರ್ಯ ದೊಡ್ಡದು ನೋಡ್ರಿ" ಎಂದು ನಕ್ಕಿದ್ದರು. ನಮ್ಮ ಗಾಡಿ ಬೇವಿನ ಮರದ ಕೆಳಗೆ ಮುಗ್ಧವಾಗಿ ನಿಂತಿತ್ತು. ನಾನೂ ನಕ್ಕೆ. ಅಂದಿನಿಂದ ಅವರ ಓಣಿಯ ತಿರುವಿನಲ್ಲೇ ಗ್ಯಾಸ್ ಬಂದ್ ಮಾಡಿ ಪೆಟ್ರೋಲಿನ ಮೇಲೆ ಸಭ್ಯವಾಗಿ ಒಳಗೆ ಹೋಗುವುದು, ಅವರು ಚೀಲ ಹಿಡಿದು ಡಿಕ್ಕಿಯ ಕಡೆ ನಡೆದರೆ "ಡಿಕ್ಕಿ ಕೀಲಿ ಕೆಟ್ಟೇತ್ರಿ" ಎನ್ನುವುದು ನನ್ನ ರೂಢಿಯಾಯಿತು.

ಮಗಳು ಬಸುರಾದಳು. ಏಳನೇ ತಿಂಗಳಿಗೆ ಕುಬಸದ ಕಾರ್ಯ, ಅಂದರೆ ಸೀಮಂತ, ನಿಗದಿಯಾಯಿತು. ಹಸಿರು ಸೀರೆ, ಹಸಿರು ಕುಬಸ, ತರಾವರಿ ಅಡಿಗೆಯ ಬುತ್ತಿ ಎಲ್ಲ ತವರಿನವರೇ ಒಯ್ಯಬೇಕು. ಉಡಿ ತುಂಬಿ, ಆರತಿ ಮಾಡಿ, ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಬರಬೇಕು. ಮಹಾನಂದಾ ಮಗಳಿಗಾಗಿ ಕೋಣೆ ಸಾರಿಸಿ, ಹಾಸಿಗೆ ಬಿಸಿಲಿಗೆ ಹಾಕಿ, ಕಾಯುತ್ತಿದ್ದಳು. ನನಗಿದ್ದ ಚಿಂತೆ ಒಂದೇ. ಗ್ಯಾಸಿನ ಸಂಗತಿ ಬಯಲಾಗಿ, "ಈ ಗಾಡ್ಯಾಗ ಬಸರ ಹೆಣಮಗಳನ್ನ ಕಳಸೂದಿಲ್ರಿ" ಎಂದು ಬೀಗರು ಅಂದುಬಿಟ್ಟರೆ? ಸಾರಿಸಿದ ಕೋಣೆಗೆ ಏನೆಂದು ಉತ್ತರ ಹೇಳುವುದು? ಹಿಂದಿನ ದಿನವೇ ಅವ್ವನಿಗೆ ತಾಕೀತು ಮಾಡಿದೆ: "ಯವ್ವಾ, ಬೀಗರ ಮುಂದ ಗ್ಯಾಸ್ ಅನ್ನೂ ಮಾತು ತಗೀಬ್ಯಾಡ." "ನಾ ಯಾಕ ತಗೀಲಿ? ನನಗೇನ್ ಬುದ್ಧಿ ಇಲ್ಲೇನು?" ಎಂದಳು.

ಹೊರಡುವ ಬೆಳಿಗ್ಗೆಯ ಗದ್ದಲವನ್ನು ಏನು ಹೇಳಲಿ. ಡಿಕ್ಕಿಯಿಲ್ಲದ್ದರಿಂದ ಕರ್ಚಿಕಾಯಿ ಬುಟ್ಟಿ ಅವ್ವನ ತೊಡೆಗೆ, ಹೋಳಿಗೆ ಡಬ್ಬಿ ಮಹಾನಂದಾಳ ತೊಡೆಗೆ, ರೊಟ್ಟಿಯ ಗಂಟು, ಚಟ್ನಿಪುಡಿ, ಬಾಳೆಹಣ್ಣು ಅವಳ ಎಡಬಲಕ್ಕೆ. ನಳ ಬಂದರೆ ನೀರು ಹಿಡಿಯಲೆಂದು ಪಕ್ಕದ ಮನೆಯ ನೀಲವ್ವಕ್ಕನಿಗೆ ಕೀಲಿ ಕೊಟ್ಟಾಯಿತು. ನಾನು ಗಾಡಿ ಚಾಲೂ ಮಾಡಿದೆ. ಹಿಂದಿನಿಂದ, ಹೋಳಿಗೆ ಡಬ್ಬಿಯ ಆಚೆಯಿಂದ, ಮಹಾನಂದಾ ಕೇಳಿದಳು: "ಗ್ಯಾಸ್ ಬಂದ್ ಮಾಡೀರೇನ್ರಿ?"

"ಮಾಡೇನಿ."

ಗಾಡಿ ಆಗಿನ್ನೂ ಪೆಟ್ರೋಲಿನ ಮೇಲಿತ್ತು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ದೇವರ ಹಿಪ್ಪರಗಿ ದಾಟಿದೆವು. ಬಸವನ ಬಾಗೇವಾಡಿಯಲ್ಲಿ ಇಳಿದು ಗುಡಿಗೆ ಹೋಗಿ ಕಾಯಿ ಒಡೆಸಿದೆವು, ಚಹಾ ಕುಡಿದೆವು. ಮುದ್ದೇಬಿಹಾಳದ ಓಣಿಯ ತಿರುವಿನಲ್ಲಿ ಗ್ಯಾಸ್ ಬಂದ್ ಮಾಡಿ, ಪೆಟ್ರೋಲಿನ ಮೇಲೆ ಮದುಮಗನ ಹಾಗೆ ಮೆಲ್ಲಗೆ ಬೀಗರ ಅಂಗಳಕ್ಕೆ ಬಂದೆ. ಬೀಗರು, ಬೀಗಿತ್ತಿ, ಓಣಿಯ ಹೆಣ್ಣುಮಕ್ಕಳು, ಎಲ್ಲರೂ ಬಾಗಿಲಲ್ಲೇ ನಿಂತಿದ್ದರು. ವಿದ್ಯಾ ಹಸಿರು ಬಳೆ ತೊಟ್ಟು ಒಳಗಿನಿಂದ ಇಣುಕಿದಳು. ಬೀಗರು ತಾವೇ ಬಂದು ಅವ್ವನ ಕಡೆಯ ಬಾಗಿಲು ತೆರೆದರು. ಅವ್ವ ಒಂದು ಕಾಲು ಹೊರಗಿಟ್ಟಳು. ನೆಲಕ್ಕೆ ತಾಗಿಸಲಿಲ್ಲ. ಅಲ್ಲೇ ತಡೆದು, ನನ್ನ ಕಡೆ ತಿರುಗಿ ಸ್ಪಷ್ಟವಾಗಿ ಕೇಳಿದಳು:

"ತಮ್ಮಾ, ಗ್ಯಾಸ್ ಬಂದ್ ಮಾಡಿದೇನು?"

"ಮಾಡೇನಿ ಬೇ" ಎಂದಿತು ನನ್ನ ಬಾಯಿ.

"ಯಾವ ಗ್ಯಾಸ್ರಿ?" ಎಂದರು ಬೀಗರು.

ನನ್ನ ಪಳಗಿದ ಬಾಯಿಗೆ ಆ ಪ್ರಶ್ನೆಯ ಅಭ್ಯಾಸವಿರಲಿಲ್ಲ. ಆಗ ಮಹಾನಂದಾ ನನ್ನ ಮಾನ ಕಾಯಲು ಮುಂದೆ ಬಂದಳು. ಡಬ್ಬಿ ಹಿಡಿದು ಇಳಿಯುತ್ತಲೇ, "ಅದೇನಿಲ್ರಿ ಅಣ್ಣಾರ, ಮನ್ಯಾಗಿನ ಗ್ಯಾಸ್. ಹಾಲು ಕಾಸಾಕ ಇಟ್ಟಿದ್ದೆ, ನಾ ಸೀರಿ ಉಟ್ಕೊಂಡು ಬರೂದ್ರಾಗ ಬಂದ್ ಮಾಡ್ರಿ ಅಂತ ಇವರಿಗೆ ಹೇಳಿದ್ದೆ, ಅದನ್ನ ಕೇಳಾ..." ಎಂದವಳು ಅಲ್ಲಿಗೇ ನಿಂತಳು. ನಿಧಾನವಾಗಿ ನನ್ನ ಕಡೆ ತಿರುಗಿದಳು. "ರೀ, ಹಾಲಿಂದು ಬಂದ್ ಮಾಡೀರಿ ಹೌದಿಲ್ಲೋ?"

ಹಾಲು! ಬಾಗಿಲಲ್ಲಿ ನಿಂತು ಹೇಳಿದ್ದಳು, ಹೌದು. ನಾನಾಗ ಕರ್ಚಿಕಾಯಿ ಬುಟ್ಟಿಯನ್ನು ಎಲ್ಲಿ ತುರುಕುವುದೆಂದು ನೋಡುತ್ತಿದ್ದೆ. ಅವಳು ಗಾಡಿಯಲ್ಲಿ ಕೇಳಿದ್ದು ಹಾಲಿನ ಗ್ಯಾಸು. ನಾನು ಬಂದ್ ಮಾಡಿದ್ದು ಗಾಡಿಯ ಗ್ಯಾಸು. ನನ್ನ ಮುಖವೇ ಉತ್ತರ ಹೇಳಿತು. "ಅಯ್ಯ ನನ ಶಿವನ!" ಎಂದು ಅವಳು ಹೋಳಿಗೆ ಡಬ್ಬಿಯನ್ನು ಬೀಗರ ಕೈಗೇ ಕೊಟ್ಟು ಫೋನು ಹುಡುಕತೊಡಗಿದಳು.

ಆರತಿ ತಾಟು ಬದಿಗೆ ಸರಿಯಿತು. ನಂಬರು ಸಿಗದೆ ತಡಕಾಡುತ್ತಿದ್ದ ಮಹಾನಂದಾಳಿಂದ ಬೀಗಿತ್ತಿಯೇ ಫೋನು ಇಸಿದುಕೊಂಡು ನೀಲವ್ವಕ್ಕನಿಗೆ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ನೀಲವ್ವಕ್ಕ ಕೀಲಿ ತೆಗೆಯುವ ಸದ್ದು, ಕೆಮ್ಮುವ ಸದ್ದು, ಕಿಟಕಿ ದಬದಬ ತೆರೆಯುವ ಸದ್ದು ಎಲ್ಲ ಮುದ್ದೇಬಿಹಾಳದ ಅಂಗಳದಲ್ಲಿ ಕೇಳಿಸಿತು. ಕೊನೆಗೆ ಅವಳ ದನಿ ಬಂತು: "ಬಂದ್ ಮಾಡೇನಿ ತಂಗೀ, ಗಾಬರಿ ಆಗಬ್ಯಾಡ. ಸಣ್ಣ ಉರಿ ಇತ್ತು, ಪುಣ್ಯಾ. ಹಾಲೂ ಇಲ್ಲ, ಏನೂ ಇಲ್ಲ. ಬೋಗುಣಿ ಕರ್ರಗ ಇದ್ದಲಿ ಆಗೇತಿ. ಮುಂಜಾನಿಂದ ಓಣ್ಯಾಗ ಏನೋ ಕಮಟು ವಾಸನಿ ಹೊಡ್ಯಾಕತ್ತಿತ್ತು. ನಾ ಅಂದೆ, ಇವರ ಗ್ಯಾಸಿನ ಗಾಡಿ ಹಾದು ಹೋಗೇತಲ್ಲ, ಅದರದs ಇರಬೇಕಂತ ಸುಮ್ನಿದ್ದೆ!"

ಅಂಗಳದವರೆಲ್ಲ ಗಾಡಿಯ ಕಡೆ ತಿರುಗಿದರು. ನಾನು ಬೇವಿನ ಮರದ ಎಲೆಗಳನ್ನು ನೋಡತೊಡಗಿದೆ. ಮಹಾನಂದಾ ಮನೆ ಉಳಿಯಿತೆಂದು ಕಣ್ಣೊರೆಸಿಕೊಳ್ಳುತ್ತಿದ್ದವಳು, ಗಾಡಿಯ ಗುಟ್ಟು ಬಯಲಾಯಿತೆಂದು ಮತ್ತೆ ಸೆರಗು ಕಣ್ಣಿಗೊಯ್ದಳು.

"ಯಾಕ್ರಿ ಬೀಗರ, ಹಂಗ ನಿಂತ್ರಿ?" ಎಂದರು ಬೀಗರು, ಹೋಳಿಗೆ ಡಬ್ಬಿಯನ್ನು ಇನ್ನೂ ಎದೆಗವಚಿಕೊಂಡೇ. "ಗಾಡಿ ಗ್ಯಾಸಿಂದು ಅಂತ ನಮಗ ಯಾವಾಗೋ ಗೊತ್ತು. ಡಿಕ್ಕಿ ಇದ್ದ ಗಾಡಿಯವ್ರು ಬುತ್ತಿ ಗಂಟು ತೊಡಿ ಮ್ಯಾಲೆ ಹೊತ್ಕೊಂಡು ಬರ್ತಾರೇನ್ರಿ? ಪ್ರತಿ ಸಲಾನೂ ಡಿಕ್ಕಿ ಕೀಲಿ ಕೆಟ್ಟೇತಿ ಅಂತೀರಿ. ಸಿಂದ್ಗ್ಯಾಗ ಕೀಲಿ ರಿಪೇರಿ ಮಾಡಾವ್ರು ಒಬ್ರೂ ಇಲ್ಲೇನ್ರಿ?"

"ಅಲ್ರಿ, ನೀವು ಅವತ್ತು ಗ್ಯಾಸಿನ ಗಾಡಿ ಧೈರ್ಯ ಅಂತ..."

"ನಾ ಅವತ್ತ ವ್ಯಾನಿನ ನೆಪ ಮಾಡಿ ಅಂದದ್ದು ನಿಮ್ಮ ಗಾಡೀಗೇ ರಿ, ಅವತ್ತೂ ಗಂಟು ನಿಮ್ಮವ್ರ ತೊಡಿ ಮ್ಯಾಲೇ ಇತ್ತು. ನೀವಾಗೇ ಹೇಳ್ತೀರೇನೋ ಅಂತ ಮಾಡಿದ್ದೆ. ನೀವು ನಕ್ಕು ಸುಮ್ಮನಾದ್ರಿ."

ನನಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಮಗಳನ್ನು ಕಳಿಸುತ್ತಾರೆ! ಅಷ್ಟರಲ್ಲಿ ಬೀಗಿತ್ತಿ ಬಾಯಿ ತೆರೆದರು. "ಗಾಡಿದು ನನಗೇನ್ ಕಾಳಜಿ ಇಲ್ರಿ, ಅದು ಹೊರಗ ಇರ್ತೈತಿ. ನನ್ನ ಸೊಸಿ ಇರೂದು ಮನಿ ಒಳಗ. ಮನಿ ಗ್ಯಾಸ್ ಹಚ್ಚಿಟ್ಟು ಊರಿಗೆ ಬರಾವ್ರ ಕೈಯಾಗ ಬಸರ ಹುಡಗಿನ ಹ್ಯಾಂಗ ಕೊಡೂದ್ರಿ?"

ಹೆದರಿದ್ದು ಡಿಕ್ಕಿಯ ಗ್ಯಾಸಿಗೆ. ಕೊರಳಿಗೆ ಬಿದ್ದದ್ದು ಅಡಿಗೆಮನೆಯದು. ಮಹಾನಂದಾ ನನ್ನನ್ನು ನೋಡಿದ ನೋಟದಲ್ಲಿ ಹಾಲು ತಾನೇ ಉಕ್ಕುತ್ತಿತ್ತು. ಸಾರಿಸಿದ ಕೋಣೆ ಕಣ್ಮುಂದೆ ಬಂತು. ವಿದ್ಯಾ ಹೊಸ್ತಿಲಿಗೆ ಬಂದಳು. "ಅತ್ತೀ, ಒಂದು ಮಾತು ಹೇಳ್ಲೇನ್ರಿ? ಬಾಣಂತನ ಮುಗಿಯೂ ಮಟ ಅಪ್ಪ ಗ್ಯಾಸ್ ಒಲಿ ಗುಂಡಿ ಮುಟ್ಟಬಾರದು. ಎಲ್ಲಾರ ಮುಂದ ಮಾತು ಕೊಡ್ಲಿ, ನಾ ಹೊಂಟೇನಿ."

ಕುಬಸದ ತಾಟಿನ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಓಣಿಯ ಹೆಣ್ಣುಮಕ್ಕಳೆಲ್ಲ ಸಾಕ್ಷಿ. ಮಗಳಿಗೆ ಉಡಿ ತುಂಬುವಾಗ ಹಾಡಿದ್ದಕ್ಕಿಂತ ನಾನು ಮಾತು ಕೊಡುವಾಗ ಅವರು ನಕ್ಕಿದ್ದೇ ಜಾಸ್ತಿ.

ಹೊರಡುವಾಗ ವಿದ್ಯಾ ಎಲ್ಲಿ ಕೂರಬೇಕೆಂಬ ಪ್ರಶ್ನೆ ಬಂತು. ಯಾರೂ ಏನೂ ಹೇಳುವ ಮುಂಚೆ ಅವ್ವ ಹಿಂದಿನ ಬಾಗಿಲು ತೆರೆದು ಒಳಗೆ ಕೂತು, ಸಿಲಿಂಡರಿನ ಕಡೆ ಬೆನ್ನು ಮಾಡಿಕೊಂಡಳು. "ಕೂಸು ಮುಂದ ಕುಂಡರ್ಲಿ. ಏನಾರ ಆದ್ರ ಮೊದಲ ನನ್ನ ಬೆನ್ನು ಐತಿ" ಎಂದಳು. ದಾರಿಯುದ್ದಕ್ಕೂ ಒಮ್ಮೆಯೂ ಒರಗಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ. ನಾನು ಗ್ಯಾಸಿಗೆ ಹಾಕಿದಾಗ ಗಾಡಿ ಕೆಮ್ಮಿದ್ದಕ್ಕೆ ಮಾತ್ರ, "ಮೆಲ್ಲಕ, ತಮ್ಮಾ" ಎಂದಳು. ಗಾಡಿಗೋ ನನಗೋ ತಿಳಿಯಲಿಲ್ಲ.

ಈಗ ವಿದ್ಯಾ ನಮ್ಮ ಮನೆಯಲ್ಲಿದ್ದಾಳೆ. ತಪಾಸಣೆಗೆ ಅವಳನ್ನು ವಿಜಯಪುರಕ್ಕೆ ನಾನೇ ಕರೆದೊಯ್ಯುತ್ತೇನೆ. ಬರುವಾಗ ಗ್ಯಾಸನ್ನೂ ತುಂಬಿಸಿಕೊಂಡು ಬರುವುದರಿಂದ ಮಹಾನಂದಾಳ ಹೊಗೆಯ ಲೆಕ್ಕಕ್ಕೂ ಉತ್ತರ ಸಿಕ್ಕಿದೆ. ಅವ್ವ, ಮಗಳು, ಹುಟ್ಟಲಿರುವ ಮೊಮ್ಮಗು ಎಲ್ಲರೂ ತುಂಬಿದ ಸಿಲಿಂಡರಿನ ಮುಂದೆ ನನ್ನನ್ನು ನಂಬಿ ಕೂರುತ್ತಾರೆ. ಆದರೆ ಸಂಜೆ ಅಂಗಡಿಯಿಂದ ಬಂದು ಚಹಾಕ್ಕೆಂದು ಅಡಿಗೆಮನೆಯ ಹೊಸ್ತಿಲ ಬಳಿ ಹೋದರೆ ಸಾಕು, ಮೂರು ಕಡೆಯಿಂದ ದನಿ ಬರುತ್ತದೆ. ಯಾರಾದರೂ ಬಂದು ಒಲೆ ಹಚ್ಚುವವರೆಗೆ ಅಲ್ಲೇ ಕಾಯುತ್ತೇನೆ. ಕಪಾಟಿನಲ್ಲಿ ಕರ್ರಗಿನ ಬೋಗುಣಿ ನನಗೆ ಕಾಣುವಂತೆಯೇ ಇಟ್ಟಿದ್ದಾರೆ. ಸಿಂದಗಿಯ ಅರ್ಧ ಊರಿನ ಅಂಗಿಗಳು ನನ್ನ ಗುಂಡಿಯ ಮೇಲೆ ನಿಂತಿವೆ. ನನ್ನ ಮನೆಯ ಒಲೆಯ ಎರಡೇ ಎರಡು ಗುಂಡಿಗಳನ್ನು ಮುಟ್ಟಲು ಮಾತ್ರ ನನಗೆ ಪರವಾನಗಿ ಇಲ್ಲ.