ಹೆಸರಿಲ್ಲದ ಜಲಸಂಧಿ

ಆಕ್ಟೋಪಸ್ ಮೆತ್ತಗಾಗಬೇಕಾದರೆ ಬಂಡೆಗೆ ನಲವತ್ತು ಸಲ ಬಡಿಯಬೇಕು. ಅಸಿಮಿನಾ ಇಪ್ಪತ್ತಮೂರನೆಯ ಏಟಿಗೆ ಕೈ ಎತ್ತಿದ್ದಾಗ ನಕ್ಷೆ ಇಲಾಖೆಯವನು ಬಂದು ನಿಂತ. ಪುಟ್ಟ ಮೊಮ್ಮಗಳು ಅಜ್ಜಿಯ ಲಂಗದ ಹಿಂದೆ ಸರಿದಳು.

“ಅಜ್ಜಿ, ಈ ದ್ವೀಪಕ್ಕೂ ಆ ಮೇಕೆ ದ್ವೀಪಕ್ಕೂ ನಡುವಿನ ಜಲಸಂಧಿಗೆ ಏನಂತೀರಿ?”

“ಅದಕ್ಕೆ ಹೆಸರಿಲ್ಲಪ್ಪ. ಅಲ್ಲಿ ಇನ್ನೂ ಯಾರೂ ಮುಳುಗಿಲ್ಲ.”

ಊರಿನ ಕ್ರಮವೇ ಹಾಗೆ. ನೀರು ತಾನು ಮೊದಲು ನುಂಗಿದವರ ಹೆಸರನ್ನೇ ಇಟ್ಟುಕೊಳ್ಳುತ್ತಿತ್ತು. ಉತ್ತರದ ಜಲಸಂಧಿ ಬೆಸ್ತ ಸ್ತಮಾತಿಸನದು, ಪೂರ್ವದ್ದು ಇಬ್ಬರು ಅಣ್ಣತಮ್ಮಂದಿರದು. ಈ ಮುನ್ನೂರು ಮಾರು ನೀರಿಗೆ ಮಾತ್ರ ಯಾರೂ ಸಿಕ್ಕಿರಲಿಲ್ಲ. ಮೇಕೆಗಳ ಹಾಲು ಕರೆಯಲು ಅಸಿಮಿನಾ ದಿನಾ ಸಂಜೆ ದೋಣಿಯಲ್ಲಿ ಅದನ್ನು ದಾಟುತ್ತಿದ್ದಳು.

“ಹೋಗ್ಲಿ, ನಿಮ್ಮ ಹೆಸರು?”

“ಅಸಿಮಿನಾ.”

ಅವನು ಹಾಳೆ ನೋಡಿದ, ಅವಳನ್ನು ನೋಡಿದ, ನಕ್ಷೆಯ ನೀರಿನ ಮೇಲೆ ದಪ್ಪಗೆ ಏನೋ ಬರೆದು ಹೊರಟ. ಪಕ್ಕದ ಮನೆಯ ಥೊಡೊರಾ ಗೋಡೆಯಾಚೆಯಿಂದ ಕೊಕ್ಕರೆಯಂತೆ ಕತ್ತು ಚಾಚಿ ಓದಿಯೇಬಿಟ್ಟಳು. ಶಿಲುಬೆಯ ಗುರುತು ಹಾಕಿಕೊಂಡಳು.

“ಅಯ್ಯೋ ಅಕ್ಕ, ನೀರಿಗೆ ನಿನ್ನ ಹೆಸ್ರು ಬರ್ದ್ಬಿಟ್ನಲ್ಲೇ!”

ಹತ್ತು ಗಂಟೆಗೆಲ್ಲ ಅವಳು ಒಂದು ತಟ್ಟೆ ಸಕ್ಕರೆ ಗೋಧಿ ಬೇಯಿಸಿ ತಂದಳು. ಸತ್ತವರ ನೆನಪಿಗೆ ಹಂಚುವ ತಿಂಡಿ ಅದು. “ಹೆಂಗೂ ಮಾಡ್ಲೇಬೇಕು. ನೀನೂ ರುಚಿ ನೋಡ್ದಂಗಾಗುತ್ತೆ.”

“ಸಕ್ಕರೆ ಕಮ್ಮಿ,” ಎಂದಳು ಅಸಿಮಿನಾ. ಆದರೆ ಎರಡನೆಯ ಚಮಚ ಮುಟ್ಟದೆ ತಟ್ಟೆ ಸರಿಸಿದಳು.

ಆಮೇಲೆ ಅಣ್ಣನ ಮಗ ಪಾವ್ಲೋಸ್ ಟೋಪಿ ಕೈಯಲ್ಲಿ ಹಿಡಿದು ಬಂದ. “ಅತ್ತೆ, ಮೇಕೆಗಳನ್ನ ನಾನು ನೋಡ್ಕೋತೀನಿ. ನೀನು ನಿಶ್ಚಿಂತೆಯಾಗಿ ಹೋಗು.”

“ಎಲ್ಲಿಗೋ?”

ಅವನು ನೀರಿನತ್ತ ನೋಡಿದ. ಆಚೆ ಏಜಿಯನ್ ಸಮುದ್ರ ಕುದಿಯುತ್ತಿದ್ದರೂ ಜಲಸಂಧಿ ಮಾತ್ರ ತಣ್ಣಗಾದ ಬಾಣಲೆಯ ಎಣ್ಣೆಯಂತೆ ಅಲುಗದೆ ಬಿದ್ದಿತ್ತು. ಆಚೆ ದಡದ ಮೇಕೆಗಳ ಗಂಟೆಯೂ ಕೇಳಲಿಲ್ಲ.

ಅಸಿಮಿನಾ ಮೊಮ್ಮಗಳ ಕೈ ಹಿಡಿದು ಹಡಗುಕಟ್ಟೆಗೆ ಓಡಿದಳು; ನಕ್ಷೆಯವನು ಅಲ್ಲಿ ಹಡಗಿಗೆ ಕಾಯುತ್ತಿದ್ದ. ಅವಸರದಲ್ಲಿ ಹೆಗಲಿಗೆ ಎಸೆದುಕೊಂಡಿದ್ದ ಆಕ್ಟೋಪಸ್ ಕುಡಿದ ನೆಂಟನಂತೆ ಅವಳ ಕುತ್ತಿಗೆಗೆ ಜೋತುಬಿದ್ದಿತ್ತು. ಥೊಡೊರಾ, ಪಾವ್ಲೋಸ್ ಹಿಂದೆಯೇ ಬಂದರು.

“ಅಳಿಸಪ್ಪ! ಈಗ್ಲೇ ಅಳಿಸು!”

“ಅಜ್ಜಿ, ನಾನು ಹೊಸದಾಗಿ ಬರೆದಿದ್ದಲ್ಲ. ನೂರೈವತ್ತು ವರ್ಷದ ಹಿಂದಿನ ನಕ್ಷೇಲೂ ಇದೇ ಹೆಸರಿದೆ. ಮಾಸಿತ್ತು, ತಿದ್ದಿದೆ.”

“ಅದು ಹೆಂಗಪ್ಪಾ? ನಮ್ಮಜ್ಜಿ ಅಸಿಮಿನಾ ಹಾಸಿಗೇಲಿ ಸತ್ಲು. ಅವಳಜ್ಜಿ ಅಸಿಮಿನಾನೂ ಹಾಸಿಗೇಲೇ! ಆ ಹೆಸರಿನವರು ಯಾರೂ ಮುಳುಗಿಲ್ಲ!”

“ಹಂಗಾದ್ರೆ ಅದು ಇನ್ನೂ ಕಾಯ್ತಾ ಇದೆ,” ಎಂದಳು ಥೊಡೊರಾ ಮೆಲ್ಲಗೆ.

“ಕಾಯ್ಲಿ! ಪಾವ್ಲೋಸ, ಮೇಕೆ ನಿಂದೇ, ದೋಣೀನೂ ತಗೋ. ಸಾಯೋತನಕ ಆ ನೀರಿಗೆ ಕಾಲಿಡಲ್ಲ. ನಾನೂ ಹಾಸಿಗೇಲೇ ಸಾಯ್ತೀನಿ!”

ಜೀವನಾಧಾರ ಹೋಯಿತು, ಜೀವ ಉಳಿಯಿತು. ಅಸಿಮಿನಾ ದೊಡ್ಡದಾಗಿ ಉಸಿರುಬಿಟ್ಟು ನಕ್ಕಳು.

ಮೊಮ್ಮಗಳು ಅವಳ ಲಂಗ ಎಳೆದಳು.

“ಅಜ್ಜೀ, ನಂಗಿಟ್ಟಿರೋದೂ ನಿನ್ನ ಹೆಸ್ರೇ ಅಲ್ವಾ? ಇನ್ಮೇಲೆ ಅದು ನನಗೋಸ್ಕರ ಕಾಯುತ್ತಾ?”