ಒಂದು ಚಾನೆಲ್, ಇಬ್ಬರು ಮಾಲೀಕರು

ಹಂಚಿಕೊಂಡು ಬಾಳಿ ಎಂದು ಯಾರಿಗಾದರೂ ಬುದ್ಧಿ ಹೇಳಿದ ದಿನದಿಂದ ಹೇಳಿದವನಿಗೆ ನೆಮ್ಮದಿಯಿಲ್ಲ. ಮೊಬೈಲ್ ಇನ್ನೂ ಮೈಸೂರಿಗೆ ಬಾರದಿದ್ದ ಕಾಲದಲ್ಲಿ ವೈರ್‌ಲೆಸ್ ಸೆಟ್ಟು ಕೂರಿಸಿ, ಲೈಸೆನ್ಸ್ ಮಾಡಿಸಿಕೊಡುವುದು ನನ್ನ ಕಸುಬಾಗಿತ್ತು. ಲಕ್ಷ್ಮೀಪುರಂನ ಟ್ಯಾಕ್ಸಿ ಮಾಲೀಕರಿಗೂ ಕೃಷ್ಣಮೂರ್ತಿಪುರಂನ ಮದುವೆ ಅಡುಗೆ ಕಂಟ್ರಾಕ್ಟರಿಗೂ ಸೇರಿ ಒಂದೇ ಚಾನೆಲ್ ಕೊಡಿಸಿದೆ. ಒಬ್ಬರು ಮಾತಾಡಿದ್ದು ಇಬ್ಬರ ಸೆಟ್ಟುಗಳಲ್ಲೂ ಕೇಳುತ್ತದೆ; ಅವರು ಮುಗಿಸುವವರೆಗೆ ಇನ್ನೊಬ್ಬರು ಮಾತಾಡುವಂತಿಲ್ಲ. ಶುಲ್ಕ ಇಬ್ಬರಿಗೂ ಅರ್ಧರ್ಧ. ಆದರೆ ಲೈಸೆನ್ಸ್ ಕೊಡುವ ಇಲಾಖೆಯದೊಂದು ಷರತ್ತು: ಚಾನೆಲ್ ಖಾಲಿ ಬಿದ್ದಿರುವುದು ಕಂಡರೆ ಮೂರನೆಯವರನ್ನೂ ಸೇರಿಸುತ್ತಾರೆ. ಮೂವರಾದರೆ ಸರದಿ ಕಾಯುವುದರಲ್ಲೇ ದಿನ ಮುಗಿಯುತ್ತದೆ. ಇಬ್ಬರಿಗೂ ಇದ್ದ ಭಯ ಇದೊಂದೇ.

ಅರ್ಧ ದಿನ

ಮೊದಲ ವಾರವೇ ಟ್ಯಾಕ್ಸಿ ಮಾಲೀಕರು ನನ್ನ ಅಂಗಡಿಗೆ ಬಂದರು. ಕಂಟ್ರಾಕ್ಟರು ಆಗಲೇ ಅಲ್ಲಿ ಕೂತಿದ್ದರು.

“ಅರ್ಧ ಶುಲ್ಕ ಕಟ್ಟಿದೀನಿ ಸಾರ್. ಬೆಳಗ್ಗೆ ಹೊತ್ತು ನಂಗೆ, ಮಧ್ಯಾಹ್ನದ ಮೇಲೆ ಅವರಿಗೆ. ನ್ಯಾಯ ತಾನೆ?”

ಕಂಟ್ರಾಕ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು. “ಮುಹೂರ್ತ, ಊಟ ಎಲ್ಲ ಮಧ್ಯಾಹ್ನದೊಳಗೆ ಮುಗಿಯುತ್ತೆ ಕಣ್ರೀ! ಆಮೇಲೆ ಚಾನೆಲ್ ಇಟ್ಕೊಂಡು ನಾನೇನು, ಕೊಳದಪ್ಪಲೆ ತೊಳೀರಿ ಅಂತ ಹೇಳ್ಲಾ?”

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕ್ಯೂ ಎಂದರೆ ಕ್ಯೂ. ಚಾನೆಲ್ ಖಾಲಿ ಇದೆಯೇ ಎಂದು ಕೇಳಿಸಿಕೊಂಡು ಮಾತಾಡಿ, ಮುಗಿದ ಮೇಲೆ ‘ಓವರ್’ ಎನ್ನಿ ಎಂದು ಕಟ್ಟಪ್ಪಣೆ ಮಾಡಿದೆ.

“ಓವರ್ ಅನ್ನೋದು ಮರೆತುಹೋದ್ರೆ?” ಎಂದರು ಟ್ಯಾಕ್ಸಿ ಮಾಲೀಕರು.

“ಊಟದವರು ಕಾಯ್ತಾರೆ, ನೀವೇ ಬಂದು ಬಡಿಸಿ” ಎಂದರು ಕಂಟ್ರಾಕ್ಟರು.

ಹೋಳಿಗೆ

“ಛತ್ರದಲ್ಲಿ ಹೋಳಿಗೆ ಸಾಲದು, ಇನ್ನೂ ಕಳಿಸಿ, ಓವರ್” ಎಂದು ಕಂಟ್ರಾಕ್ಟರು ಒಂದು ದಿನ ಕೂಗಿದರು. ಹೋಳಿಗೆ ಬರುವ ಮೊದಲೇ ಟ್ಯಾಕ್ಸಿಗಳು ಬಂದು ಛತ್ರದ ಮುಂದೆ ಸಾಲಾಗಿ ನಿಂತವು. ಡ್ರೈವರುಗಳು ಕೈ ತೊಳೆದುಕೊಂಡು ಪಂಕ್ತಿಯಲ್ಲಿ ಕೂತಿದ್ದರು.

ಕೆಸರೆಯ ಡ್ರೈವರ್ ಒಬ್ಬನನ್ನು ಕರೆಸಿ, “ಹಂಚಿಕೊಂಡಿರುವುದು ಚಾನೆಲ್, ಎಲೆಯಲ್ಲ” ಎಂದು ಗದರಿಸಿದೆ.

“ಕಿವಿ ಮುಚ್ಕಂಡು ಗಾಡಿ ಓಡ್ಸಕಾಯ್ತದಾ ಸಾ?” ಎಂದ. “ಅವ್ರಿಗೆ ಯೋಳಿ, ಇನ್ಮೇಲೆ ಬರೀ ಅನ್ನ ಸಾಲ್ದು ಅಂತ ಕೂಗ್ಲಿ. ಯಾವನು ಬತ್ತಾನೆ ನೋಡವ.”

ಮೌನದ ಬೆಲೆ

ಲಗ್ನ ಜೋರಿದ್ದ ಒಂದು ಬೆಳಗ್ಗೆ ಟ್ಯಾಕ್ಸಿಯವರು ಸುಮ್ಮನಿರಬೇಕೆಂದು ಕಂಟ್ರಾಕ್ಟರು ಕೇಳಿಕೊಂಡರು. ಪ್ರತಿಯಾಗಿ ಡ್ರೈವರುಗಳಿಗೆಲ್ಲ ತಿಂಡಿ. ನಾನು ಮೆಚ್ಚಿದೆ. ಹೆಚ್ಚು ಬೇಕಾದವನು ಕೊಡಲಿ, ಬಿಟ್ಟುಕೊಟ್ಟವನು ಪಡೆಯಲಿ. ಅರ್ಥಶಾಸ್ತ್ರ ಎಂದರೆ ಇದೇ ಎಂದು ಅವರಿಗೊಂದು ಪಾಠವನ್ನೂ ಹೇಳಿದೆ.

ಡ್ರೈವರುಗಳು ಪಾಠವನ್ನು ನನಗಿಂತ ಚೆನ್ನಾಗಿ ಕಲಿತರು. ಮಾರನೆಯ ವಾರ, ಬಾಡಿಗೆಯೇ ಇಲ್ಲದ ಹೊತ್ತಿನಲ್ಲಿ ಬೆಳಗ್ಗೆಯಿಂದಲೇ ಚಾನೆಲ್ ತುಂಬ ಹರಟೆ. ಕಂಟ್ರಾಕ್ಟರು ಗೋಗರೆದಾಗ ಉತ್ತರ ಬಂತು:

“ಉಪ್ಪಿಟ್ಟಾದ್ರೆ ಮಾತಾಡ್ತಾನೇ ಇರ್ತೀವಿ ಸಾ. ಕೇಸರಿಬಾತ್ ಆದ್ರೆ ಸುಮ್ಕಿರ್ತೀವಿ. ಓವರ್.”

ಅಧಿಕಾರಿ ಬಂದರು

ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದದ್ದು ಆಷಾಢದಲ್ಲಿ. ಮದುವೆಯಿಲ್ಲ, ಮಳೆ ಹಿಡಿದು ಪ್ರವಾಸಿಗರೂ ಇಲ್ಲ. ನನ್ನ ಅಂಗಡಿಯ ಸೆಟ್ಟಿನ ಮುಂದೆ ಕೂತು ಎಷ್ಟು ಹೊತ್ತು ಕಿವಿಗೊಟ್ಟರೂ ಒಂದು ಮಾತಿಲ್ಲ.

“ಪೂರ್ತಿ ಖಾಲಿ ಬಿದ್ದಿದೆಯಲ್ರೀ. ಗ್ಯಾಸ್ ಏಜೆನ್ಸಿಯವರೊಬ್ಬರು ಕೇಳ್ತಿದಾರೆ, ಸೇರಿಸಿಬಿಡೋಣ” ಎಂದರು.

ಅಲ್ಲೇ ಕೂತಿದ್ದ ಟ್ಯಾಕ್ಸಿ ಮಾಲೀಕರು “ಕಾಫಿ ಹೇಳ್ಬರ್ತೀನಿ” ಎಂದು ಎದ್ದರು. ಪಕ್ಕದಂಗಡಿಯ ಫೋನಿನಲ್ಲಿ ಕಂಟ್ರಾಕ್ಟರಿಗೆ ಏನು ಹೇಳಿದರೋ, ಸೆಟ್ಟಿದ್ದ ತಮ್ಮ ಕಾರಿನೊಳಗೆ ಹೋಗಿ ಕೂತರು. ನನ್ನ ಸೆಟ್ಟು ಗರ್ಜಿಸಿತು.

“ಹೋದ ಮದುವೇಲಿ ನಿಮ್ಮೋರು ನನ್ನ ಗಾಡೀಲಿ ಸಾಂಬಾರ್ ಚೆಲ್ಲಿದ್ರಲ್ಲ, ಅದರ ಕತೆ ಏನು? ಓವರ್.”

“ನಿಮ್ಮ ಡ್ರೈವರ್ ಹಾಕಿದ ಬ್ರೇಕಿಗೆ ಸಾಂಬಾರೇನು, ಅಡುಗೆ ಭಟ್ಟರೇ ಚೆಲ್ಲಿ ಹೋಗಿದ್ರು! ಓವರ್.”

“ಸೀಟಲ್ಲಿ ಇನ್ನೂ ಇಂಗಿನ ವಾಸನೆ! ಓವರ್.”

“ಪುಣ್ಯ ಮಾಡಿದ್ರಿ, ಅದಕ್ಕೆ ಮುಂಚೆ ಏನು ವಾಸನೆ ಇತ್ತು ಗೊತ್ತಾ? ಓವರ್.”

ಉಸಿರಾಡಲೂ ಬಿಡುವಿಲ್ಲ. ಅಧಿಕಾರಿ ಬೆರಗಾಗಿ, “ಯಾವಾಗಲೂ ಹೀಗೇನಾ?” ಎಂದರು.

ನಾನು ಸುಳ್ಳು ಹೇಳುವವನಲ್ಲ. “ಆಷಾಢದಲ್ಲಿ ಹೀಗೆ ಕೇಳಿದ್ದು ಇದೇ ಮೊದಲು” ಎಂದೆ.

“ಆಷಾಢದಲ್ಲೇ ಇಷ್ಟಾದರೆ ಲಗ್ನದ ಕಾಲದಲ್ಲಿ ಇನ್ನೆಷ್ಟೋ!” ಎಂದು ಉದ್ಗರಿಸಿ, ಮೂರನೆಯವರಿಗೆ ಜಾಗವಿಲ್ಲವೆಂದು ಬರೆದುಕೊಂಡು ಹೊರಟೇಬಿಟ್ಟರು.

ಅವರ ಜೀಪು ತಿರುವು ದಾಟಿದ ಮೇಲೆ ಮೈಕು ಹಿಡಿದೆ. “ಅಧಿಕಾರಿ ಹೋದರು. ಇನ್ನು ಸಾಕು, ನಿಲ್ಲಿಸಿ. ಓವರ್.”

ಕಂಟ್ರಾಕ್ಟರು ನನ್ನ ಮೇಲೇ ಹರಿಹಾಯ್ದರು.

“ನೀವು ಸ್ವಲ್ಪ ಸುಮ್ಮನಿರಿ ಸಾರ್. ಈಗ ನಿಜವಾಗ್ಲೂ ಜಗಳ ನಡೀತಿದೆ. ಓವರ್!”