ಬೋಪಯ್ಯನ ಎರಡನೇ ಗುಂಡು

ನಾನು ಒಂದೇ ಬೆಳಗಿನಲ್ಲಿ ಎರಡು ಸಲ ಅಜ್ಜನಾದೆ! ನನ್ನ ಮಗಳು ನೀಲಳಿಗೆ ಅವಳಿ ಹೆಣ್ಣುಮಕ್ಕಳು. ತಾಯಿಯೂ ಕ್ಷೇಮ, ಮಕ್ಕಳೂ ಕ್ಷೇಮ. ಮೈಸೂರಿಗೆ ಸೇರದೆ ಬೇರೆಯೇ ಇರುವ ನಮ್ಮ ಕೊಡಗು ರಾಜ್ಯ ಆಳುವುದಕ್ಕೇ ಇಬ್ಬರು ಮಂತ್ರಿಗಳು ಸಾಕಾಗಿದ್ದಾರೆ. ಈಗ ನಮ್ಮ ಮನೆ ಆಳುವುದಕ್ಕೂ ಇಬ್ಬರು ಬಂದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ಇದನ್ನೆಲ್ಲ ಬರೆಯಲು ಕೂತದ್ದೇ ದೊಡ್ಡ ಧೈರ್ಯ. ಕಾಗುಣಿತ ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಬೇಕು.

ನೀಲಳ ಮದುವೆಯಾದ ಮೇಲೆ ತೋಟದ ಕಾಫಿ ಎಷ್ಟು ಸಲ ಹೂ ಬಿಟ್ಟು ಹಣ್ಣಾಯಿತೋ, ನಮ್ಮ ಮನೆಯಲ್ಲಿ ಮಾತ್ರ ಮಗುವಿನ ಅಳು ಕೇಳಲಿಲ್ಲ. ಸಂತೆಯಲ್ಲಿ ಯಾರಾದರೂ "ಏನ್ ಮಲ್ಲಣ್ಣ, ಮಗಳ ಕಡೆ ಏನಾದ್ರೂ ವಿಶೇಷ ಉಂಟಾ?" ಎಂದರೆ, "ಈ ಸಲ ಏಲಕ್ಕಿಗೆ ಒಳ್ಳೆ ರೇಟು" ಎಂದು ಬೇರೆ ವಿಶೇಷ ಹೇಳಿ ಜಾರಿಕೊಳ್ಳುತ್ತಿದ್ದೆ. ಇಲಿ ಕಾಟ ನೋಡುವ ನೆಪದಲ್ಲಿ ಅಟ್ಟ ಹತ್ತಿ, ಹಳೆಯ ತೊಟ್ಟಿಲಿನ ಧೂಳು ಒರೆಸಿ ಇಳಿಯುತ್ತಿದ್ದೆ. ಧೂಳು ಕೂರಲು ನಾನು ಬಿಟ್ಟರೆ ತಾನೆ? ಅಂತೂ ನೀಲ ತುಂಬಿದ ಹೊಟ್ಟೆ ಹೊತ್ತು ಹೆರಿಗೆಗೆ ತವರಿಗೆ ಬಂದಳು. ಅಲ್ಲಿಂದ ನನ್ನ ಬುದ್ಧಿ ಕೆಟ್ಟಿತು. ಅವಳು ಆಕಳಿಸಿದರೂ ನಾನು ಬಿಸಿನೀರಿನ ಒಲೆಗೆ ಬೆಂಕಿ ಹಾಕುತ್ತಿದ್ದೆ. ನನ್ನ ಹೆಂಡತಿ ಗೌರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ಹೆರೋಳು ಸುಮ್ನಿದಾಳೆ, ನರಳಾಟವೆಲ್ಲ ನಿಮ್ದೇ. ಇನ್ನೂ ದಿನ ಇದೆ. ಎಲ್ಲಾದ್ರೂ ಎರಡು ದಿನ ಹೋಗಿ ಬನ್ನಿ, ಪುಣ್ಯ ಬರ್ತದೆ!"

ಹೋಗುವುದಕ್ಕೆ ದಾರಿಯೂ ಸಿಕ್ಕಿತು. ಆ ಶನಿವಾರ ಮಡಿಕೇರಿಯಿಂದ ಹಕ್ಕಿ ನೋಡುವವರ ಗುಂಪೊಂದು ನಮ್ಮೂರಿಗೆ ಬಂದಿಳಿಯಿತು. ಮುಂದಾಳು ಹೆಡ್‌ಮಿಸ್ಟ್ರೆಸ್ ಗ್ರೇಸಮ್ಮ ಟೀಚರು, ಕೊರಳಲ್ಲಿ ದುರ್ಬೀನು. ಜೊತೆಗೆ ಒಬ್ಬ ದಪ್ಪನೆಯ ವಕೀಲರು, ಮತ್ತೆ ಕೆಲವರು. ಬೆಟ್ಟದ ಮೇಲಿನ ಕೆರೆಗೆ ದಾರಿ ತೋರಿಸಿ ಅಡಿಗೆ ಮಾಡಿ ಹಾಕುವುದಕ್ಕೆ ಒಬ್ಬರು ಬೇಕಿತ್ತು. ನನಗೆ ನಗು. ಬಸ್ಸು ಹತ್ತಿ ಬಂದು ಹಕ್ಕಿ ನೋಡುವುದೇ? ನಮ್ಮಲ್ಲಿ ಹಕ್ಕಿಯೇ ಅಂಗಳಕ್ಕೆ ಬಂದು, ನಮ್ಮನ್ನು ನೋಡಿ, ಒಣಹಾಕಿದ ಭತ್ತ ತಿಂದು ಹೋಗುತ್ತದೆ.

ಹೊರಡುವಾಗ ಪಕ್ಕದ ಮನೆಯ ಬೋಪಯ್ಯ ಕೋವಿ ಒರೆಸುತ್ತ ಕೂತಿದ್ದ. ಕೊಡವರ ಪದ್ಧತಿ ನಮ್ಮ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಮನೆಯಲ್ಲಿ ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ನಾವು ಶಿವಭಕ್ತರ ಮನೆತನದವರು, ನಮ್ಮಲ್ಲಿ ಕೋವಿಯಿಲ್ಲ. ಬೋಪಯ್ಯನೇ ಹೇಳಿದ: "ನೀವು ಧೈರ್ಯವಾಗಿ ಹೋಗಿ ಮಲ್ಲಣ್ಣ. ನೀಲ ನನಗೂ ಮಗಳಲ್ವಾ? ಹೆತ್ತ ಕೂಡ್ಲೇ ಹಾರಿಸ್ತೇನೆ. ಬೆಟ್ಟದ ಮೇಲೆ ಕೇಳ್ತದೆ."

ಹಕ್ಕಿ ನೋಡುವವರ ಮೊದಲ ಕಾನೂನು ಬಾಯಿ ಮುಚ್ಚುವುದು. ನಾನು ಬಾಯಿ ಮುಚ್ಚಿ, ಉಸಿರು ಹಿಡಿದು, ಊರಿನ ಕಡೆಗೆ ಕಿವಿಯಾಗಿ ಕೂತುಬಿಟ್ಟೆ. ಗ್ರೇಸಮ್ಮ ಟೀಚರಿಗೆ ಬಹಳ ಮೆಚ್ಚುಗೆಯಾಯಿತು. "ನೋಡಿ ವಕೀಲರೇ, ಕೇಳೋದು ಅಂದ್ರೆ ಹೀಗೆ. ನೀವು ಚಕ್ಕುಲಿ ಕಡಿಯೋ ಸದ್ದಿಗೆ ಕೆರೆ ಹಕ್ಕಿಯೆಲ್ಲ ಆಚೆ ದಡ ಸೇರಿದಾವೆ." ನಾನು ಯಾವ ಹಕ್ಕಿಯನ್ನೂ ಕೇಳುತ್ತಿಲ್ಲವೆಂದು ಹೇಳಲು ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಕೆರೆಯ ಮೇಲಿಂದ ಮಂಜು ಏಳುತ್ತಿತ್ತು. ಟೀಚರು ದುರ್ಬೀನನ್ನು ನನ್ನ ಕಣ್ಣಿಗಿಟ್ಟು ಪಿಸುಗುಟ್ಟಿದರು. "ಆ ಮರದ ಪೊಟರೆ ನೋಡಿ. ಮಂಗಟ್ಟೆ ಹಕ್ಕಿ. ಹೆಣ್ಣು ಒಳಗೆ ಕೂತು ಬಾಗಿಲು ಮೆತ್ತಿಕೊಂಡಿದೆ, ಕೊಕ್ಕು ತೂರುವಷ್ಟೇ ಸಂದಿ. ಬಾಣಂತನ! ಗಂಡು ದಿನವೆಲ್ಲ ಹಣ್ಣು ತಂದು ಕೊಡ್ತದೆ."

"ಎಲ್ಲಾದ್ರೂ ಹೋಗಿ ಬಾ ಅಂತ ಹೆಣ್ಣು ಅಟ್ಟಿದ್ರೆ?"

"ಅಟ್ಟಿದ್ರೂ ಹೋಗಲ್ಲ. ಹೋದ್ರೆ ಒಳಗಿರೋರ ಗತಿ?"

ನನಗೆ ದುರ್ಬೀನಿನ ಒಳಗೇ ಮಂಜು ಕವಿಯಿತು. ಅಷ್ಟು ದೊಡ್ಡ ಕೊಕ್ಕಿನಲ್ಲಿ ಒಂದೊಂದೇ ಅತ್ತಿಹಣ್ಣನ್ನು ಎಷ್ಟು ನಾಜೂಕಾಗಿ ಕೊಡುತ್ತಿತ್ತು ಆ ಹಕ್ಕಿ! ಕೆಳಗೆ ಕಣಿವೆಯಲ್ಲಿ ಮನೆಗಳ ಹೊಗೆ ಏಳುತ್ತಿತ್ತು. ಅದರಲ್ಲಿ ನನ್ನ ಮನೆಯದು ಯಾವುದು, ಈಗ ಬಿಸಿನೀರಿಗೆ ಬೆಂಕಿ ಹಾಕುವವರು ಯಾರು? ರೆಕ್ಕೆಯಿದ್ದಿದ್ದರೆ ಆಗಲೇ ಹಾರಿ ಮನೆ ಸೇರುತ್ತಿದ್ದೆ.

ಢಂ!

"ಬಂತು!" ಎಂದು ಕಿರುಚಿ ಕುಣಿದೆ. ಕೆರೆಯ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. "ಟೀಚರೇ, ನಾನು ಅಜ್ಜ!"

"ಅಜ್ಜ ಆದ್ರೆ ಹೀಗೆ ಕೂಗೋದಾ?" ಎಂದು ಅವರು ಹಲ್ಲು ಕಡಿಯುವಷ್ಟರಲ್ಲಿ ಇನ್ನೊಂದು: ಢಂ!

ನನ್ನ ಕಾಲು ಕುಣಿತದ ನಡುವೆಯೇ ನಿಂತಿತು. ಟೀಚರೂ ಕೊಡಗಿನವರೇ, ಅವರ ಮುಖ ಬಿಳಿಚಿತು. ಮೆಲ್ಲಗೆ, "ನಡೀರಿ ಮಲ್ಲಣ್ಣ" ಎಂದರು. ಆಮೇಲೆ ಯಾರೂ ಹಕ್ಕಿಯ ಸುದ್ದಿ ಎತ್ತಲಿಲ್ಲ. ವಕೀಲರು ನನ್ನ ಅನ್ನದ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ಹಿಂದೆ ಓಡಿಬಂದರು. ಇಳಿಯುವ ದಾರಿಯುದ್ದಕ್ಕೂ ನನಗೊಂದೇ: ಹೋದದ್ದು ಯಾರು? ಮಗುವೋ, ನನ್ನ ನೀಲಳೋ? ನಿಮಗಾದರೆ ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ, ನೀವು ನಗುತ್ತಿರಬಹುದು. ನನಗೆ ಹೇಳುವವರು ಆ ಕಾಡಿನಲ್ಲಿ ಯಾರಿದ್ದರು?

ಮನೆ ಕಂಡಾಗ ಅಂಗಳದ ತುಂಬ ಬಿಳಿ ಬಟ್ಟೆಯವರು. ಎರಡು ಗುಂಡು ಕೇಳಿ ಊರಿನವರು ಸಾವಿಗೆಂದೇ ಬಂದಿದ್ದರು. ನಾನು ಬೇಲಿಯ ಬಳಿಯೇ ಕೂತೆ. ಒಳಗೆ ಹೋಗಲು ಧೈರ್ಯ ಬರಲಿಲ್ಲ.

"ಅಲ್ಲೇನ್ರೀ ಕೂತಿದ್ದೀರಿ, ಅಜ್ಜ ಆದೋರು?" ಗೌರಮ್ಮನ ಗಂಟಲು. "ಬಂದೋರಿಗೆಲ್ಲ ಕಾಫಿ ಕಾಸಿ ಬೆಲ್ಲವೇ ಮುಗೀತು!"

"ನೀಲ...?"

"ಎರಡು ಹೆತ್ತಿದಾಳೆ. ಎರಡೂ ಹೆಣ್ಣು. ಎರಡಕ್ಕೂ ನಿಮ್ದೇ ಮೂಗು, ಪಾಪ."

ಬೋಪಯ್ಯ ಕೋವಿ ಹಿಡಿದು ಮದುಮಗನ ಹಾಗೆ ನಿಂತಿದ್ದ. ಅವನ ಕೊರಳಪಟ್ಟಿ ಹಿಡಿದೆ. "ಎರಡು ಯಾಕೋ ಹಾರಿಸ್ದೆ ಮಾರಾಯ?"

"ಮತ್ತೆ? ದೊಡ್ಡದಕ್ಕೆ ಹಾರಿಸಿ ಚಿಕ್ಕದಕ್ಕೆ ಬಿಟ್ರೆ, ನಾಳೆ ಅದು ನನ್ನ ಮುಖ ನೋಡ್ತದಾ?"

"ನಡುವೆ ಒಂದು ಲೋಟ ಕಾಫಿ ಕುಡಿದಾದ್ರೂ ಹಾರಿಸಬಾರದಿತ್ತಾ?"

"ಅವು ಹುಟ್ಟಿದ್ದೇ ಬೆನ್ನುಬೆನ್ನಿಗೆ!"

ಬಿಳಿ ಸೀರೆಯ ಮುದುಕಿಯೊಬ್ಬಳು ಎಲೆಅಡಿಕೆ ಜಗಿಯುತ್ತ ಹೇಳಿದಳು: "ಆದದ್ದು ಒಳ್ಳೇದೇ ಬಿಡಿ. ಅಳೋಕೆ ಅಂತ ಗುಡ್ಡ ಇಳಿದು ಬಂದೆ. ನಗೋಕೆ ಕರೆದಿದ್ರೆ ಮಂಡಿನೋವು ಅಂತ ಬರ್ತಿರಲಿಲ್ಲ."

ಟೀಚರು ಎರಡು ಕೂಸುಗಳನ್ನೂ ಹತ್ತಿರದಿಂದ, ದುರ್ಬೀನಿಲ್ಲದೆಯೇ, ಬಹಳ ಹೊತ್ತು ನೋಡಿ ಸಾಯಂಕಾಲದ ಬಸ್ಸಿಗೆ ಹೋದರು. ಅದೇ ಬಸ್ಸಿನಲ್ಲಿ ನಮ್ಮ ಅಳಿಯ ಬಂದಿಳಿದ. ಸಿದ್ದಾಪುರದ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಅವನು. ಸಂಜೆ ಎಲ್ಲರೂ ಒಂದೇ ಸಾಲಿಗೆ ಊಟಕ್ಕೆ ಕೂತೆವು. ಅಳಿಯ, ನನ್ನ ಇಬ್ಬರು ಗಂಡುಮಕ್ಕಳು, ಸೊಸೆ, ನನ್ನ ತಮ್ಮನ ಮನೆಯವರು, ಮನೆಯವನೇ ಆಗಿಹೋದ ಬೋಪಯ್ಯ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೀಲ ಬಾಣಂತಿ ಊಟ ಮಾಡುತ್ತಿದ್ದಳು; ಅವಳ ಬಳೆಗಳ ಸದ್ದು ಕೇಳುತ್ತಿತ್ತು. ಇಷ್ಟು ವರ್ಷ ಬಯಸಿದ್ದು ಬಾಗಿಲಾಚೆಯೇ ಮಲಗಿತ್ತಲ್ಲ. ನನ್ನ ಕಣ್ಣೀರು ಎಲೆಗೇ ತೊಟ್ಟಿಕ್ಕಿತು.

ಬಡಿಸುತ್ತಿದ್ದ ಗೌರಮ್ಮ ನನ್ನ ಮುಂದೆ ನಿಂತಳು. "ಅಳೋದಿದ್ರೆ ಊಟ ಮುಗಿಸಿ ಅಳಿ. ಸಾರಿಗೆ ಮೊದಲೇ ಉಪ್ಪು ಜಾಸ್ತಿಯಾಗಿದೆ."

ಸಾರು ಮಾಡಿದವನು ನಾನೇ. ಆದರೂ ಯಾರೊಬ್ಬರೂ ಬೇಡವೆನ್ನಲಿಲ್ಲ. ನೀರು ಬೆರೆಸಿಕೊಂಡು ಇನ್ನೊಂದು ಸೌಟು ಹಾಕಿಸಿಕೊಂಡರು.